ವಜಾ ಆದೇಶವನ್ನು ಮರುಪರಿಶೀಲಿಸಿ ಎಂದು ಕೇಳುವುದು: ಕಾರ್ಮಿಕ ಕಾನೂನು ಓದುವವರಿಗೊಂದು ಟಿಪ್ಪಣಿ

ಕೆಲಸ ಕಳೆದುಕೊಂಡವರು ಬರೆಯುವ ಮನವಿಯಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು, ವಯಸ್ಸಾದ ಅಪ್ಪ ಅಮ್ಮ ಎಲ್ಲ ಬರುತ್ತಾರೆ. ತೆಗೆದದ್ದು ಯಾಕೆ, ಆ ಕಾರಣ ಸರಿಯೇ ಎಂಬುದು ಮಾತ್ರ ಬರುವುದಿಲ್ಲ. ಕಷ್ಟ ಹೇಳಿಕೊಳ್ಳಬಾರದು ಎಂದಲ್ಲ. ಆದರೆ ಮಾಲೀಕರು ಮತ್ತೆ ಯೋಚಿಸಬೇಕಾದರೆ ಆದೇಶದಲ್ಲೇ ಇರುವ ಲೋಪವನ್ನು ಎತ್ತಿ ತೋರಿಸಬೇಕು. ಅದಕ್ಕೆ ಮೊದಲು ಟರ್ಮಿನೇಷನ್ ಲೆಟರ್ ಓದಲು ಬರಬೇಕು.

‘ಕೆಲಸ ಕಡಿಮೆಯಾಗಿದೆ, ಹುದ್ದೆ ರದ್ದಾಗಿದೆ’ ಎಂದಿದ್ದರೆ ಅದು ರಿಟ್ರೆಂಚ್‌ಮೆಂಟ್. ಒಂದು ವರ್ಷ ನಿರಂತರ ಸೇವೆ ಆದವರಿಗೆ (12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಸಾಕು) ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ನಂತರ ಅದೇ ಕೆಲಸಕ್ಕೆ ಬಂದವರು ಇನ್ನೂ ಇದ್ದರೆ ಮನವಿ ಅಲ್ಲಿಂದಲೇ ಶುರುವಾಗಲಿ.

ಅಶಿಸ್ತು, ಗೈರುಹಾಜರಿ ಎಂಬ ಆರೋಪವಿದ್ದರೆ ಲೆಕ್ಕ ಬೇರೆ. ಚಾರ್ಜ್‌ಶೀಟ್ (ಆರೋಪಗಳನ್ನು ಬರೆದ ಪತ್ರ) ಕೊಟ್ಟರೇ, ಉತ್ತರ ಕೇಳಿದರೇ, ವಿಚಾರಣೆ ನಡೆಯಿತೇ? ಇಲ್ಲಿ ಓದಲೇಬೇಕಾದದ್ದು 1993ರ ಡಿ.ಕೆ. ಯಾದವ್ ತೀರ್ಪು. ಎಂಟು ದಿನಕ್ಕಿಂತ ಹೆಚ್ಚು ಹೇಳದೆ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂದು ಕಾರ್ಖಾನೆಯ ಸ್ಥಾಯಿ ಆದೇಶ (ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಅಲ್ಲಿನ ಸೇವಾ ನಿಯಮ) ಹೇಳುತ್ತಿತ್ತು. ‘ನಾನು ದಿನಾ ಬರುತ್ತಿದ್ದೆ, ಗೇಟಿನಲ್ಲೇ ತಡೆದರು’ ಎಂದು ಕಾರ್ಮಿಕ ಹೇಳಿದ. ಆ ಮಾತು ನಿಜವೋ ಸುಳ್ಳೋ ಎಂದು ತಿಳಿಯಲು ಆಡಳಿತ ವಿಚಾರಣೆಯನ್ನೇ ನಡೆಸಿರಲಿಲ್ಲ. ಸ್ಥಾಯಿ ಆದೇಶದಲ್ಲಿ ಏನೇ ಇರಲಿ, ಅಹವಾಲು ಕೇಳದೆ ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದ ಸುಪ್ರೀಂ ಕೋರ್ಟ್, ಅರ್ಧದಷ್ಟು ಹಿಂಬಾಕಿ ವೇತನದೊಂದಿಗೆ ಮರುನೇಮಕಕ್ಕೆ ಆದೇಶಿಸಿತು. ಬದುಕಿನ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂಬ ನೆಲೆಯಲ್ಲಿ ನಿಂತ ತೀರ್ಪು ಇದು. ನನ್ನ ಮಟ್ಟಿಗೆ ಈ ವಿಷಯದ ಜೀವಾಳವೇ ಇದು.

ಅಂಗಡಿ, ಆಫೀಸು, ಹೋಟೆಲುಗಳಲ್ಲಿ ದುಡಿಯುವವರು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ನೋಡಿಕೊಳ್ಳಿ. ಆರು ತಿಂಗಳು ಸತತ ಸೇವೆ ಆದವರನ್ನು ಸಮಂಜಸ ಕಾರಣವಿಲ್ಲದೆ, ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಮಾತ್ರ ನೋಟಿಸ್ ಬೇಕಿಲ್ಲ.

ಇನ್ನು ಪತ್ರದ ಒಕ್ಕಣೆ. ಇಷ್ಟಿದ್ದರೆ ಸಾಕು:

‘ಮಾನ್ಯರೇ, ದಿನಾಂಕ ... ರ ಆದೇಶದಲ್ಲಿ ನಾನು ಹೇಳದೆ ಗೈರಾಗಿದ್ದೆ ಎಂದಿದೆ. ಆ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದೆ. ಡಿಸ್ಚಾರ್ಜ್ ಸಮ್ಮರಿ ಮತ್ತು ಸೂಪರ್‌ವೈಸರ್‌ಗೆ ಕಳಿಸಿದ್ದ ಮೆಸೇಜಿನ ಪ್ರತಿ ಲಗತ್ತಿಸಿದ್ದೇನೆ. ನನಗೆ ಚಾರ್ಜ್‌ಶೀಟ್ ಕೊಟ್ಟಿಲ್ಲ, ವಿಚಾರಣೆ ನಡೆದಿಲ್ಲ. ಆದೇಶ ಹಿಂಪಡೆದು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಈ ಮನವಿಯಿಂದ ನನ್ನ ಕಾನೂನುಬದ್ಧ ಹಕ್ಕುಗಳಿಗೆ ಬಾಧೆ ಇಲ್ಲ.’

ಕೊನೆಯ ಸಾಲನ್ನು ಬಿಡಬೇಡಿ. ಮೇಲ್ ಜೊತೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಮನವಿ ಕೊಟ್ಟ ಮಾತ್ರಕ್ಕೆ ಕಾನೂನಿನ ಮೊರೆ ಹೋಗಲು ಇರುವ ಕಾಲಮಿತಿ ನಿಲ್ಲುವುದಿಲ್ಲ. ಮೇಲಿಂದ ಮೇಲೆ ಮನವಿ ಕೊಟ್ಟು ಹಳೆಯ ವ್ಯಾಜ್ಯಕ್ಕೆ ಜೀವ ತುಂಬಲಾಗದು ಎಂಬುದನ್ನು ಸುಪ್ರೀಂ ಕೋರ್ಟಿನ 2008ರ ಸಿ. ಜೇಕಬ್ ಪ್ರಕರಣದಲ್ಲಿ ನೋಡಬಹುದು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಸಂಧಾನಾಧಿಕಾರಿ (ಇಬ್ಬರ ನಡುವೆ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ) ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಳೆಯ ಗೈಡುಗಳಲ್ಲಿರುವ ಮೂರು ವರ್ಷ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯದು, ಪರೀಕ್ಷೆಯಲ್ಲಿ ಎಚ್ಚರ. ಮ್ಯಾನೇಜರುಗಳಿಗೂ, ತಿಂಗಳಿಗೆ 18,000 ರೂಪಾಯಿ ಮೀರಿದ ಸಂಬಳದ ಸೂಪರ್‌ವೈಸರುಗಳಿಗೂ ಸಂಹಿತೆಯ ಈ ದಾರಿ ಇಲ್ಲ. ಅವರು ನೇಮಕಾತಿ ಪತ್ರದ ಷರತ್ತುಗಳನ್ನೇ ಹಿಡಿಯಬೇಕು.

‘ನೀವೇ ರಾಜೀನಾಮೆ ಕೊಡಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಚೆನ್ನಾಗಿ ಕೊಡುತ್ತೇವೆ’ ಎಂದು ಎಚ್‌ಆರ್ ಹೇಳಿದರೆ ಅಲ್ಲೇ ಸಹಿ ಹಾಕಬೇಡಿ. ಸಹಿ ಬಿದ್ದರೆ ಪ್ರಶ್ನಿಸಲು ವಜಾ ಆದೇಶವೇ ಇರುವುದಿಲ್ಲ. ಬಲವಂತದಿಂದ ಬರೆಸಿಕೊಂಡರು ಎಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಸಹಿ ಆಗಿಹೋಗಿದ್ದರೆ ಒತ್ತಡದಲ್ಲಿ ಹಾಕಿದ್ದು, ಹಿಂಪಡೆಯುತ್ತಿದ್ದೇನೆ ಎಂದು ಅಂದೇ ಮೇಲ್ ಮಾಡಿ.