ಟ್ರಂಕಿನ ಹಿಂದೆ ಅಡಗಿದ ಬೆಕ್ಕು ಯಾವಾಗ ಹೊರಗೆ ಬರುತ್ತದೆ?

ಪ್ರಶ್ನೆ: ಮಗ್ಗದ ಶೆಡ್ಡಿನ ಹತ್ತಿರ ಸಿಕ್ಕ ಬೆಕ್ಕನ್ನು ಮನೆಗೆ ತಂದು ಹತ್ತು ದಿನ ಆಯ್ತು. ಹಗಲೆಲ್ಲ ಟ್ರಂಕಿನ ಹಿಂದೆ ಕೂತಿರುತ್ತದೆ. ಕೈ ಚಾಚಿದರೆ ಬುಸ್ ಅನ್ನುತ್ತದೆ. ಪರಿಚಯದವರೊಬ್ಬರು ಸಾಕಲು ಒಪ್ಪಿದ್ದಾರೆ. ದಿನಾ ಎತ್ತಿಕೊಂಡು ರೂಢಿ ಮಾಡಿಸಲಾ?
– ಗೃಹಿಣಿ, ಬೆಟಗೇರಿ

ಬ್ಯಾಡ್ರೀ ಅಕ್ಕಾರ. ಎತ್ತಲೂ ಬೇಡಿ, ಎಳೆಯಲೂ ಬೇಡಿ. ಬುಸ್ ಅನ್ನುವ ಬೆಕ್ಕಿಗೆ ಸಿಟ್ಟಿಗಿಂತ ಹೆದರಿಕೆ ಜಾಸ್ತಿ. ನೀವು ಹಿಂದೆ ಸರಿದಾಗಲೇ ಅದಕ್ಕೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಮಗ್ಗದ ಸದ್ದಿಗೆ ಹೆದರದ ಬೆಕ್ಕು ನಮ್ಮ ಕೈಗೆ ಯಾಕೆ ಹೆದರುತ್ತದೆ ಅನ್ನಿಸಬಹುದು. ಹುಟ್ಟಿದ 2ರಿಂದ 7ನೇ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಸಲೀಸಾಗಿ ಹೊಂದಿಕೊಳ್ಳುತ್ತವೆ. ಆಗ ಮನುಷ್ಯರ ಒಡನಾಟ ಸಿಗದಿದ್ದರೆ ಕಲಿಯುವುದು ನಿಧಾನ.

ಒಂದೇ ಕೋಣೆ ಕೊಡಿ. ರಟ್ಟಿನ ಡಬ್ಬಿಯನ್ನು ಅಡ್ಡ ಇಟ್ಟು, ಒಳಗೆ ನೀವು ಉಟ್ಟ ಹಳೆ ಸೀರೆಯ ತುಂಡು ಹಾಸಿ. ಅಡಗಲು ಜಾಗ ಕೊಟ್ಟರೆ ಬೆಕ್ಕು ಅಲ್ಲೇ ಉಳಿದುಬಿಡುತ್ತದೆ ಅಂತ ಹಲವರು ಅಂದುಕೊಳ್ಳುತ್ತಾರೆ. ಆದರೆ ನೆದರ್ಲೆಂಡ್ಸ್‌ನ ಆಶ್ರಯಧಾಮವೊಂದರ ಬೆಕ್ಕುಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಡಗುವ ಡಬ್ಬಿ ಸಿಕ್ಕ ಬೆಕ್ಕುಗಳೇ ಬೇಗ ನಿರಾಳವಾಗಿದ್ದವು.

ಊಟದ ತಟ್ಟೆ ಇಟ್ಟು ಗೋಡೆಗೆ ಒರಗಿ ನೆಲದ ಮೇಲೆ ಕೂಡಿ. ಅದನ್ನೇ ದಿಟ್ಟಿಸಬೇಡಿ. ಸುಮ್ನೆ ಅವರೆ ಬಿಡಿಸುತ್ತ ಕೂತರೂ ಆಯ್ತು. ಕಣ್ಣಿಗೆ ಕಣ್ಣು ಸಿಕ್ಕಾಗ ರೆಪ್ಪೆಯನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಹೀಗೆ ಮಾಡಿದ ಅಪರಿಚಿತರ ಕೈ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬಂದವು.

ಹಾಲಷ್ಟೇ ಹಾಕಬೇಡಿ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಅರಗುವುದಿಲ್ಲ. ಮನೆಯಲ್ಲಿ ಮಾಂಸ ಮಾಡದಿದ್ದರೆ ಅಂಗಡಿಯ ಬೆಕ್ಕಿನ ಆಹಾರ ತನ್ನಿ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಿ. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ.

ಮಾಳಮಡ್ಡಿಯಲ್ಲಿದ್ದಾಗ ನಾನೂ ಒಂದು ಬೂದು ಬೆಕ್ಕನ್ನು ಕಪಾಟಿನ ಸಂದಿಯಿಂದ ಟವೆಲ್ ಹಾಕಿ ಎಳೆದಿದ್ದೆ. ಆಮೇಲೆ ಎರಡು ವಾರ ಅದು ನನ್ನ ಹೆಜ್ಜೆ ಸಪ್ಪಳಕ್ಕೇ ಓಡುತ್ತಿತ್ತು. ಆ ಪಾಪ ಇವತ್ತಿಗೂ ಕಾಡುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಿ ದಿನಾ ಅಲ್ಲೇ ಕೂತೆ. ಒಂದು ಸಂಜೆ ನೆಲದ ಮೇಲಿಟ್ಟ ನನ್ನ ಬೆರಳಿಗೆ ಏನೋ ತಣ್ಣಗೆ ತಾಗಿತು. ಅದರ ಮೂಗು! ಮೂಸಿತು, ಹಿಂದೆ ಹೋಯಿತು, ಮತ್ತೆ ಬಂದು ಕೆನ್ನೆ ಉಜ್ಜಿತು. ಕೈ ಅಲ್ಲಾಡಿಸದೆ ಉಸಿರು ಹಿಡಿದು ಕೂತಿದ್ದೆ.

ನಿಮ್ಮ ಬೆಕ್ಕು ಹೀಗೆ ಕೆನ್ನೆ ಉಜ್ಜಿದ ಮೇಲೆ ಗದ್ದದ ಹತ್ತಿರ ಒಮ್ಮೆ ಮುಟ್ಟಿ, ಕೈ ಹಿಂದೆ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಬರುತ್ತದೆ.

ಬೇರೆ ಮನೆಗೆ ಕಳಿಸುವ ಮುಂಚೆ, ಸಾಕುವವರೇ ಬಂದು ನಾಲ್ಕಾರು ಸಲ ಅದರ ಕೋಣೆಯಲ್ಲಿ ಕೂರಲಿ. ಅವರ ಕೈಯಿಂದ ತಿಂದ ಮೇಲೆ ಕಳಿಸಿ. ಲಸಿಕೆ, ಸಂತಾನಹರಣ ಮುಗಿದಿದ್ದರೆ ಒಳ್ಳೆಯದು. ದೀಪಾವಳಿ ಹತ್ತಿರ ಇದ್ದರೆ ಪಟಾಕಿ ಸದ್ದು ಮುಗಿಯುವವರೆಗೆ ನಿಮ್ಮಲ್ಲೇ ಇರಲಿ. ಹೊಸ ಮನೆಯಲ್ಲೂ ಅದು ಮೊದಲು ಮೂಲೆಯನ್ನೇ ಹುಡುಕುತ್ತದೆ, ಇದನ್ನು ಅವರಿಗೆ ಮೊದಲೇ ಹೇಳಿಡಿ. ಆ ಸೀರೆ ತುಂಡನ್ನು ಒಗೆಯದೆ ಜೊತೆಗೇ ಕೊಟ್ಟು ಕಳಿಸಿ.