ಮಣಿಕಟ್ಟು ನೆನಪಿದೆ, ನಿಷೇಧದ ವರ್ಷ ನೆನಪಿಲ್ಲ

2000ದ ಮಾರ್ಚ್ ಮೊದಲ ವಾರ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ದಕ್ಷಿಣ ಆಫ್ರಿಕಾ ಎದುರು ಟೆಸ್ಟ್. ಭಾರತ ಇನಿಂಗ್ಸ್ ಮತ್ತು 71 ರನ್‌ಗಳಿಂದ ಸೋತಿತು. ಆ ಸೋಲಿನ ನಡುವೆಯೇ ಮೊಹಮ್ಮದ್ ಅಜರುದ್ದೀನ್ 102 ಹೊಡೆದರು. ಅದು ಅವರ 99ನೇ ಟೆಸ್ಟ್. ಎದುರಾಳಿ ನಾಯಕ ಹ್ಯಾನ್ಸಿ ಕ್ರೋನಿಯೆ. ಇಬ್ಬರಿಗೂ ಅದೇ ಕೊನೇ ಟೆಸ್ಟ್ ಅಂತ ಸ್ಟ್ಯಾಂಡಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಏಪ್ರಿಲ್ 7ರಂದು ದೆಹಲಿ ಪೊಲೀಸರು ಕ್ರೋನಿಯೆ ಮತ್ತು ಬುಕ್ಕಿಯ (ಬೆಟ್ಟಿಂಗ್ ದಂಧೆಯವನ) ಫೋನ್ ಮಾತುಕತೆಯ ವಿಷಯ ಹೊರಗೆಡವಿದರು. ಮೊದಲು ಅಲ್ಲಗಳೆದ ಕ್ರೋನಿಯೆ, ಆಮೇಲೆ ದುಡ್ಡು ತಗೊಂಡಿದ್ದನ್ನು ಒಪ್ಪಿಕೊಂಡರು. ಅದೇ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಡಿಸೆಂಬರ್‌ನಲ್ಲಿ ಬಿಸಿಸಿಐ ಅಜರ್‌ಗೆ ಆಜೀವ ನಿಷೇಧ ಹಾಕಿತು.

ಬಸವನಗುಡಿಯ ನಮ್ಮ ಚಿಕ್ಕಪ್ಪ ಅಂದು ಗೋಡೆಯ ಮೇಲಿದ್ದ ಅಜರ್ ಪೋಸ್ಟರ್ ಕಿತ್ತರು. ಆದರೆ ಹರಿಯಲಿಲ್ಲ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಅಟ್ಟದ ಮೇಲಿಟ್ಟರು. 2012ರಲ್ಲಿ ಆಂಧ್ರ ಹೈಕೋರ್ಟ್ ನಿಷೇಧ ಸರಿಯಲ್ಲ ಎಂದಿತು. ಅಷ್ಟರಲ್ಲಿ ಪೋಸ್ಟರ್ ಅಟ್ಟದಿಂದ ಇಳಿದು ವರ್ಷಗಳಾಗಿದ್ದವು.

ಅಜರ್ ಹೆಸರೆತ್ತಿದರೆ ಈಗಲೂ ಪೇಪರ್ ಸುತ್ತಿ ಬ್ಯಾಟ್ ಮಾಡಿಕೊಳ್ಳುತ್ತಾರೆ. ಕಾಲರ್ ಎತ್ತಿ, ಮಣಿಕಟ್ಟು ತಿರುಗಿಸಿ, ‘ಆಫ್ ಸ್ಟಂಪ್ ಹೊರಗಿನ ಬಾಲ್ ಕಣೋ, ಮಿಡ್‌ವಿಕೆಟ್‌ಗೆ ಹೋಗ್ತಿತ್ತು!’ ಅನ್ನುತ್ತಾರೆ. ನಿಷೇಧ ಯಾವಾಗ ಆಗಿದ್ದು ಅಂದರೆ, ‘ಅದೇನೋ ಆಯ್ತು ಬಿಡೋ.’

ತಪ್ಪು ಒಪ್ಪಿಕೊಂಡವರ ಕಥೆಯೂ ಹೀಗೇ. ಕ್ರೋನಿಯೆ 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2004ರಲ್ಲಿ ದಕ್ಷಿಣ ಆಫ್ರಿಕಾದ ಟಿವಿ ವಾಹಿನಿಯೊಂದು ದೇಶದ ಮಹಾನ್ ವ್ಯಕ್ತಿಗಳು ಯಾರು ಅಂತ ಜನರನ್ನೇ ಕೇಳಿತು. ಅವರಿಗೆ 11ನೇ ಸ್ಥಾನ! ಸಾವು ಸಿಟ್ಟನ್ನು ತಣ್ಣಗಾಗಿಸಿತ್ತು ಅನ್ನಿಸುತ್ತದೆ.

ಆದರೆ ಈ ರಿಯಾಯಿತಿ ಎಲ್ಲರಿಗೂ ಸಿಗುವುದಿಲ್ಲ. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಮರು ತಿಂಗಳೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. 2011ರಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯಿಂದ ಹೀಗಾಯಿತು ಎಂಬುದು ಅವರ ಮಾತು. ಕೊನೆಗೆ ಎರಡು ವರ್ಷ ನಿಷೇಧವಾಯಿತು. ಇವತ್ತು ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಅವರ ಹೆಸರು ಹೇಳಿ ನೋಡಿ, ಮೊದಲು ಬರುವ ಮಾತು ಡೋಪಿಂಗೇ.

ಅಜರ್ ಹದಿನೈದು ವರ್ಷ ನಮ್ಮ ಕಣ್ಣ ಮುಂದೆ ಆಡಿದರು. ಗಲ್ಲಿಯಲ್ಲಿ ಪ್ರತಿ ಹುಡುಗನೂ ಆ ಮಣಿಕಟ್ಟು ತಿರುಗಿಸಲು ನೋಡಿದ್ದಾನೆ. ಆ ನೆನಪು ಕೈಯಲ್ಲಿದೆ. ಅಶ್ವಿನಿಯವರನ್ನು ನಾವು ಟಿವಿಯಲ್ಲಿ ಮನಸ್ಸಿಟ್ಟು ನೋಡಿದ್ದು ಎರಡು ತಿಂಗಳು. ಬಸವನಗುಡಿ ರಸ್ತೆಯಲ್ಲಿ ಹರ್ಡಲ್ಸ್ ಹಾರಿದವರು ಯಾರಿದ್ದಾರೆ, ಹೇಳಿ. ಕ್ಷಮಿಸುವ ಮುಂಚೆ ಪ್ರೀತಿ ಜಾಸ್ತಿ ಕೂಡಿಟ್ಟಿರಬೇಕು ಅಲ್ವಾ?

ಎದುರಾಳಿಗೆ ಅದೂ ಇಲ್ಲ. 2017ರಲ್ಲಿ ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ) ಕೇಳಲು ಆಸ್ಟ್ರೇಲಿಯಾ ನಾಯಕ ಸ್ಟೀವ್ ಸ್ಮಿತ್ ನಿಯಮ ಮೀರಿ ಡ್ರೆಸ್ಸಿಂಗ್ ರೂಮ್ ಕಡೆ ನೋಡಿದ್ದೂ ಇದೇ ಚಿನ್ನಸ್ವಾಮಿಯಲ್ಲಿ. ಚಿಕ್ಕಪ್ಪ ಅದನ್ನು ಇನ್ನೂ ಬಿಟ್ಟಿಲ್ಲ.

ಮೊನ್ನೆ ಸುಮ್ನೆ ಕೇಳಿದೆ: ‘ಅಜರ್ ಕೊನೇ ಸೆಂಚುರಿ ಹೊಡೆದ ಮ್ಯಾಚ್ ಏನಾಯ್ತು?’

‘ಡ್ರಾ ಆಯ್ತಲ್ವಾ?’ ಅಂದರು.