ಗಂಜಿ, ಎಳನೀರು ಕೊಡ್ತಿದ್ದೇವೆ. ಮೂಗಿಗೆ ಪೈಪ್ ಹಾಕಿಸಲೇಬೇಕಾ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಕೆನ್ನೆ ಒಳಗಡೆ ಕ್ಯಾನ್ಸರ್ ಎಂದು ಆಪರೇಷನ್ ಆಯಿತು, ಈಗ ರೇಡಿಯೇಶನ್ ನಾಲ್ಕನೇ ವಾರ. ಬಾಯಿ ತುಂಬ ಹುಣ್ಣು. ದಿನಕ್ಕೆ ಐದಾರು ಲೋಟ ಗಂಜಿ, ಎರಡು ಎಳನೀರು ಬಿಟ್ಟರೆ ಏನೂ ಇಳಿಯುತ್ತಿಲ್ಲ. 62 ಕೆ.ಜಿ. ಇದ್ದವರು ಎರಡು ತಿಂಗಳಲ್ಲಿ 56ಕ್ಕೆ ಬಂದಿದ್ದಾರೆ. ಡಾಕ್ಟರು ಮೂಗಿಗೆ ಪೈಪ್ ಹಾಕೋಣ ಅನ್ನುತ್ತಾರೆ. ‘ಪೈಪ್ ಹಾಕಿದರೆ ನನ್ನ ಕಥೆ ಮುಗೀತು’ ಅಂತ ಅಪ್ಪ ಒಪ್ಪುತ್ತಿಲ್ಲ. ಗಂಜಿಯಲ್ಲೇ ಹೇಗಾದರೂ ದಾಟಿಸಲು ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಡಾಕ್ಟರು ಹೇಳಿದ್ದು ಸರಿ, ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ಆ ಪೈಪ್ ಹಾಕಿಸಿ. ಯಾಕೆ ಅನ್ನುವುದು ನೀವು ಕೊಟ್ಟ ಲೆಕ್ಕದಲ್ಲೇ ಇದೆ.

ಒಂದು ಲೋಟ, ಅಂದರೆ 250 ಎಂ.ಎಲ್. ತೆಳು ಗಂಜಿಗೆ ಬೀಳುವ ಅಕ್ಕಿ ಹೆಚ್ಚೆಂದರೆ 25 ಗ್ರಾಂ. ಸಿಗುವುದು ಸುಮಾರು 90 ಕ್ಯಾಲರಿ, 2 ಗ್ರಾಂ ಪ್ರೋಟೀನ್. ಲೋಟ ಎಳನೀರಿನಲ್ಲಿ 50 ಕ್ಯಾಲರಿ. ಪ್ರೋಟೀನ್ ಇಲ್ಲವೆಂದೇ ಇಟ್ಟುಕೊಳ್ಳಿ. ಆರು ಲೋಟ ಗಂಜಿ, ಎರಡು ಎಳನೀರು ಸೇರಿಸಿದರೂ 640 ಕ್ಯಾಲರಿ, 12 ಗ್ರಾಂ ಪ್ರೋಟೀನ್ ದಾಟುವುದಿಲ್ಲ. ನಿಮ್ಮ ತಂದೆಗೆ ಈಗ ಬೇಕಾಗಿರುವುದು ತೂಕದ ಪ್ರತಿ ಕೆ.ಜಿ.ಗೆ 30 ಕ್ಯಾಲರಿಯಂತೆ 1,680 ಕ್ಯಾಲರಿ, ಪ್ರೋಟೀನ್ ಕೆ.ಜಿ.ಗೆ 1.2ರಿಂದ 1.5 ಗ್ರಾಂನಂತೆ 67ರಿಂದ 84 ಗ್ರಾಂ. ಕಮ್ಮಿ ಬಿದ್ದದ್ದನ್ನು ದೇಹ ತನ್ನ ಮಾಂಸಖಂಡ ಕರಗಿಸಿ ತುಂಬಿಕೊಳ್ಳುತ್ತಿದೆ. ಆದರೆ ಎಂಟು ಲೋಟ ನೀರುನೀರಾದದ್ದು ಕುಡಿದವರ ಹೊಟ್ಟೆ ತುಂಬಿರುತ್ತದೆ. ‘ಏನೋ ಒಂದಿಷ್ಟು ತಗೊಳ್ತಿದ್ದಾರೆ’ ಎಂದು ಮನೆಯವರಿಗೂ ಸಮಾಧಾನ. ಬೇಳೆಕಟ್ಟಿನದ್ದೂ ಇದೇ ಕಥೆ, ಬೇಳೆ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ.

ಎರಡು ತಿಂಗಳಲ್ಲಿ ಆರು ಕೆ.ಜಿ. ಅಂದರೆ ಹೆಚ್ಚುಕಮ್ಮಿ ಶೇ. 10. ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ಇಳಿದರೇ ಗಂಭೀರ ಎನ್ನುತ್ತೇವೆ. ಇದು ಬರೀ ನಿಶ್ಶಕ್ತಿಯ ಮಾತಲ್ಲ. ರೇಡಿಯೇಶನ್ ಟೇಬಲ್ ಮೇಲೆ ಮಲಗಿಸಿ ಮುಖಕ್ಕೆ ಜಾಲರಿಯಂಥ ಮಾಸ್ಕ್ ಬಿಗಿಯುತ್ತಾರಲ್ಲ, ಅದನ್ನು ಮೊದಲ ದಿನಗಳ ಮುಖಕ್ಕೆ ಅಚ್ಚು ತೆಗೆದು ಮಾಡಿರುತ್ತಾರೆ. ಕೆನ್ನೆ, ಕತ್ತು ಸೊರಗಿದರೆ ಮಾಸ್ಕ್ ಸಡಿಲವಾಗುತ್ತದೆ, ಕಿರಣ ಬೀಳಬೇಕಾದ ಜಾಗ ಅಲ್ಲಾಡುತ್ತದೆ. ಆಗ ಮತ್ತೆ ಸ್ಕ್ಯಾನ್, ಹೊಸ ಮಾಸ್ಕ್, ಹೊಸ ಪ್ಲಾನ್. ಸುಸ್ತಾಗಿ ನಡುವೆ ನಾಲ್ಕು ದಿನ ರೇಡಿಯೇಶನ್ ತಪ್ಪಿದರೆ ಇನ್ನೂ ಕೆಟ್ಟದ್ದು. ಈ ಭಾಗದ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಎಳೆದಷ್ಟೂ ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ಇಳಿಯುತ್ತದೆ. ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಇಂಜೆಕ್ಷನ್ ನಡೆಯುತ್ತಿದ್ದರೆ ನೀರಿನಂಶ ಕಡಿಮೆಯಾದಾಗ ಮೊದಲು ಪೆಟ್ಟು ತಿನ್ನುವುದು ಕಿಡ್ನಿ.

ಇನ್ನೊಂದು ವಿಷಯ ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ 30 ಸಿಟ್ಟಿಂಗ್, ವಾರಕ್ಕೆ ಐದರಂತೆ ಆರು ವಾರ. ಹುಣ್ಣು ಎರಡು ಮೂರನೇ ವಾರಕ್ಕೆ ಶುರುವಾಗುತ್ತದೆ, ಕೊನೆಕೊನೆಗೆ ಜೋರಾಗುತ್ತದೆ, ಕೊನೆಯ ಸಿಟ್ಟಿಂಗ್ ಮುಗಿದ ಮೇಲೂ ಎರಡು ಮೂರು ವಾರ ಕಾಡುತ್ತದೆ. ಅಂದರೆ ಅತಿ ಕಷ್ಟದ ದಿನಗಳು ನಿಮಗೆ ಇನ್ನೂ ಮುಂದಿವೆ. ‘ಇನ್ನೆರಡು ವಾರ ಹೇಗೋ ತಳ್ಳೋಣ’ ಅನ್ನುವ ಲೆಕ್ಕ ತಪ್ಪುವುದು ಇಲ್ಲೇ.

ಪೈಪ್ ವಿಷಯಕ್ಕೆ ಬರುವ ಮುಂಚೆ ಲೋಟದೊಳಗೆ ಏನಿರಬೇಕು ಎನ್ನುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಪೈಪ್ ಹಾಕಿಸಿಯೂ ಅದರಲ್ಲಿ ಅದೇ ತೆಳು ಗಂಜಿ ಬಿಡುವವರಿದ್ದಾರೆ.

ರಾಗಿಯನ್ನು ಹನ್ನೆರಡು ಗಂಟೆ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ ಬರುವಷ್ಟೇ ಬೆಚ್ಚಗೆ ಮಾಡಿ ಬೀಸಿ, ವಸ್ತ್ರಗಾಳಿಸಿ ಇಟ್ಟುಕೊಳ್ಳಿ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎನ್ನುವ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಕತ್ತರಿಸುತ್ತದೆ. ಮಾಮೂಲಿ ರಾಗಿ ಹಿಟ್ಟು ಒಂದು ಲೋಟಕ್ಕೆ ಮೂರು ಚಮಚ ಹಾಕಿದರೆ ಮಗುವಿಗೆ ತಿನ್ನಿಸುವ ರಾಗಿಸರಿಯ ಹಾಗೆ ಗಟ್ಟಿಯಾಗುತ್ತದೆ. ಮೊಳಕೆ ರಾಗಿಯದು ಅಷ್ಟೇ ಹಾಕಿದರೂ ಹರಿಯುವಂತಿರುತ್ತದೆ. ಕೆಂಪಗೆ ಹುರಿದರೆ ಮಾತ್ರ ಈ ಗುಣ ಹೋಯಿತು. ಇದರ 30 ಗ್ರಾಂ ಹಿಟ್ಟನ್ನು ನೀರಿನಲ್ಲಿ ಕದಡಿ ಬೇಯಿಸಿ, 150 ಎಂ.ಎಲ್. ಕೆನೆ ತೆಗೆಯದ ಹಾಲು, ಒಂದು ದೊಡ್ಡ ಚಮಚ ತುಂಬ ಹಾಲಿನ ಪುಡಿ, ಒಂದು ಚಿಕ್ಕ ಚಮಚ ತುಪ್ಪ, ಎರಡು ಚಮಚ ಬೆಲ್ಲ ಸೇರಿಸಿ. ಲೋಟ ಅದೇ, 250 ಎಂ.ಎಲ್. ಕ್ಯಾಲರಿ 90ರಿಂದ 360ರ ಆಸುಪಾಸಿಗೆ ಏರುತ್ತದೆ, ಪ್ರೋಟೀನ್ 12 ಗ್ರಾಂ. ಇಂಥ ಐದು ಲೋಟ ಒಳಗೆ ಹೋದರೆ 1,800 ಕ್ಯಾಲರಿ, 60 ಗ್ರಾಂ ಪ್ರೋಟೀನ್. ಎರಡು ಬೇಯಿಸಿದ ಮೊಟ್ಟೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಬೆರೆಸಿದರೆ ಮಿಕ್ಕದ್ದೂ ತುಂಬಿತು. ಹಸಿ ಮೊಟ್ಟೆ ಬೇಡ, ಸೋಂಕಿನ ಭಯ. ಮೊಟ್ಟೆ ತಿನ್ನದ ಮನೆಯಾದರೆ ಹುರಿಗಡಲೆ ಪುಡಿ. ಹಾಲಿಗೆ ಭೇದಿಯಾದರೆ ಹುಳಿಯಿಲ್ಲದ ಮೊಸರಿಗೆ ಬದಲಾಯಿಸಿ.

ಅಂಗಡಿಯ ಡಬ್ಬಿ ಪ್ರೋಟೀನ್ ಪುಡಿ ತರಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕೈಯಲ್ಲಾದರೆ ತನ್ನಿ, ಕೆಲಸ ಸುಲಭ. ಆದರೆ ಡಬ್ಬಿಯೊಂದೇ ಕಾಪಾಡುವುದಿಲ್ಲ. ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆಯುತ್ತಿದ್ದ 75 ಮಂದಿಯ ಮೇಲೆ ಪೋರ್ಚುಗಲ್‌ನಲ್ಲಿ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಡಯಟೀಶಿಯನ್ ಕೂತು ಅವರವರ ಮನೆಯೂಟವನ್ನೇ ತಿದ್ದಿಕೊಟ್ಟರು, ಇನ್ನೊಂದಕ್ಕೆ ಪ್ರೋಟೀನ್ ಪೇಯ ಕೊಟ್ಟರು, ಮೂರನೆಯದಕ್ಕೆ ಏನೂ ಇಲ್ಲ. ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೂ ಊಟದ ಪ್ರಮಾಣ ಕಾಯ್ದುಕೊಂಡಿದ್ದವರು ಮೊದಲ ಗುಂಪಿನವರು.

ಈಗ ಪೈಪ್. ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಶನ್ ವಿಭಾಗದಲ್ಲಿ ಬೆಳಿಗ್ಗೆ ಹೊತ್ತು ಕೂತರೆ ಮೂಗಿನ ಪಕ್ಕ ಪ್ಲಾಸ್ಟರ್ ಅಂಟಿಸಿ, ಪೈಪಿನ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಫೋನಿನಲ್ಲಿ ಅಡಿಕೆ ರೇಟು ವಿಚಾರಿಸುತ್ತಿರುವವರು ಕಾಣುತ್ತಾರೆ. ಅಂಥ ಒಬ್ಬರ ಪಕ್ಕದಲ್ಲಿ ನಿಮ್ಮ ತಂದೆಯನ್ನು ಹತ್ತು ನಿಮಿಷ ಕೂರಿಸಿ. ನಾವು ಬಿಳಿ ಕೋಟಿನವರು ಅರ್ಧ ಗಂಟೆ ಕೊರೆದರೂ ಆಗದ ಕೆಲಸ ಅಲ್ಲಿ ಆಗುತ್ತದೆ. ರೈಲ್ಸ್ ಟ್ಯೂಬ್ ಅನ್ನುವ ಈ ಪೈಪ್ ಹಾಕಲು ಆಪರೇಷನ್ ಬೇಡ, ಹಾಕುವಾಗಿನ ಕಿರಿಕಿರಿ ಕೆಲವೇ ನಿಮಿಷದ್ದು. ನಾಲ್ಕು ವಾರಕ್ಕಿಂತ ಜಾಸ್ತಿ ಬೇಕಾಗುತ್ತದೆ ಅನಿಸಿದರೆ ಹೊಟ್ಟೆಗೆ ನೇರವಾಗಿ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರನ್ನು ಕೇಳಬಹುದು.

ಮನೆಯಲ್ಲಿ ಕೊಡುವ ಕ್ರಮ ಕಷ್ಟವಲ್ಲ, ಆದರೆ ಅವಸರ ಕೂಡದು. ಮೂಗಿನ ಹೊಳ್ಳೆಯ ಹತ್ತಿರ ಪೈಪಿನ ಮೇಲಿರುವ ಗುರುತನ್ನು ಪ್ರತಿ ಸಲ ನೋಡಿ. ಜಾರಿ ಹೊರಬಂದಿದ್ದರೆ, ಅಥವಾ ಕೆಮ್ಮು, ಏದುಸಿರು ಇದ್ದರೆ ಒಂದು ತೊಟ್ಟೂ ಬಿಡಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ, ಆಸ್ಪತ್ರೆಗೆ ಹೋಗಿ. ಕೂರಿಸಿ ಅಥವಾ ದಿಂಬು ಒರಗಿಸಿ ತಲೆ ಎತ್ತರಿಸಿ. ಸಿರಿಂಜಿನ ಒಳಗಿನ ಒತ್ತುವ ಹಿಡಿ ತೆಗೆದು, ಸಿರಿಂಜನ್ನು ಪೈಪಿಗೆ ಸಿಕ್ಕಿಸಿ, ಸುರಿದದ್ದು ತಾನಾಗಿ ಇಳಿಯಲಿ. ಒಂದು ಲೋಟಕ್ಕೆ ಹದಿನೈದು ಇಪ್ಪತ್ತು ನಿಮಿಷ. ಮೊದಲು, ಕೊನೆಗೆ 30ರಿಂದ 50 ಎಂ.ಎಲ್. ನೀರು ಬಿಡಿ, ಇಲ್ಲದಿದ್ದರೆ ಪೈಪ್ ಕಟ್ಟಿಕೊಳ್ಳುತ್ತದೆ. ಆಮೇಲೆ ಮುಕ್ಕಾಲು ಗಂಟೆ ಮಲಗಿಸಬೇಡಿ. ಮಾತ್ರೆ ಪುಡಿ ಮಾಡಿ ಹಾಕುವ ಮುಂಚೆ ಕೇಳಿ, ಕೆಲವನ್ನು ಪುಡಿ ಮಾಡುವಂತಿಲ್ಲ. ಐದಾರು ದಿನದಿಂದ ಏನೂ ತಿನ್ನದವರಿಗೆ ಮಾತ್ರ ಮೊದಲ ದಿನವೇ ಪೂರ್ತಿ ಪ್ರಮಾಣ ಕೊಡಬಾರದು. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಏಕಾಏಕಿ ಕುಸಿಯುತ್ತವೆ, ಜೀವಕ್ಕೇ ಅಪಾಯ. ಅದನ್ನು ಆಸ್ಪತ್ರೆಯಲ್ಲೇ ನಿಧಾನ ಏರಿಸಬೇಕು.

ಪೈಪ್ ಬಂತು ಅಂತ ಬಾಯಿಗೆ ರಜೆ ಕೊಡಬೇಡಿ. ನುಂಗುವುದನ್ನು ನಿಲ್ಲಿಸಿದರೆ ಗಂಟಲಿನ ಸ್ನಾಯು ಕೆಲಸ ಮರೆಯುತ್ತವೆ. ಕೆಮ್ಮು ಬರದೆ ನುಂಗಬಲ್ಲರೆಂದು ಡಾಕ್ಟರು ನೋಡಿ ಹೇಳಿದ್ದರೆ ದಿನಕ್ಕೆ ಹಲವು ಸಲ ಚಮಚ ನೀರೋ ಗಂಜಿಯೋ ಬಾಯಿಂದಲೇ ನುಂಗಲಿ. ಊಟಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಔಷಧಿ ತೆಗೆದುಕೊಂಡರೆ ಇಳಿಸುವುದು ಸುಲಭ. ಮಾರ್ಫಿನ್ ಬರೆದಿದ್ದಾರೆ ಎಂದು ಹೆದರಬೇಡಿ, ಅದರಿಂದ ಆಗುವ ಮಲಬದ್ಧತೆಗೂ ಔಷಧಿ ಕೇಳಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ; ಇದರಲ್ಲಿ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲಿ. ಬಾಯಿ ಎಷ್ಟು ತೆರೆಯುತ್ತದೆ ನೋಡುತ್ತಿರಿ, ತಮ್ಮದೇ ಮೂರು ಬೆರಳು ನಿಲ್ಲಿಸಿ ಹಿಡಿಸಬೇಕು. ಹಿಡಿಸದಿದ್ದರೆ ಫಿಸಿಯೋಥೆರಪಿಗೆ ಕಳಿಸಲು ಕೇಳಿ.

ಹಳೇ ಮೈಸೂರು ಕಡೆಯ ಗಂಡಸರು ಮುದ್ದೆ ಬೇಕೇಬೇಕು ಅಂತ ಹಠ ಹಿಡಿಯುವುದುಂಟು, ಹೇಗೂ ಅಗಿಯುವುದಿಲ್ಲವಲ್ಲ ಅಂತ ವಾದ. ಜೊಲ್ಲು ಒಣಗಿದ ಗಂಟಲಲ್ಲಿ ಮುದ್ದೆ ಅಂಟಿಕೊಳ್ಳುತ್ತದೆ. ಈ ಎರಡು ತಿಂಗಳು ಬೇಡ.

ಸಕ್ಕರೆ ಕೊಟ್ಟರೆ ಕ್ಯಾನ್ಸರ್ ಬೆಳೆಯುತ್ತದೆ ಎನ್ನುವ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಊಟ ಕಡಿತ ಮಾಡಿದರೆ ಸೊರಗುವುದು ರೋಗಿ, ಗೆಡ್ಡೆಯಲ್ಲ. ಶುಗರ್ ಇದ್ದವರಾದರೆ ಬೆಲ್ಲ ಬಿಟ್ಟು ಎಣ್ಣೆ, ತುಪ್ಪ ಹೆಚ್ಚಿಸಿ, ಡಾಕ್ಟರನ್ನು ಕೇಳಿ ಇನ್ಸುಲಿನ್ ಹೊಂದಿಸಿಕೊಳ್ಳಿ. ಅಮೃತಬಳ್ಳಿ, ಲಕ್ಷ್ಮಣಫಲದ ಎಲೆ ಕಷಾಯ ಈಗ ಬೇಡವೇ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳಿವೆ. ವಿಟಮಿನ್ ಇ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ಕೊಡಬೇಡಿ. ಗುಟ್ಕಾ, ಎಲೆಅಡಿಕೆ ಬಗ್ಗೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ನೀರು ಕುಡಿದಾಗೆಲ್ಲ ಕೆಮ್ಮು, ಜ್ವರ, ಮೂತ್ರ ಕಡಿಮೆಯಾಗಿ ಗಾಢ ಹಳದಿ, ಜೊಲ್ಲನ್ನೂ ನುಂಗಲಾಗದಿರುವುದು: ಇವುಗಳಲ್ಲಿ ಒಂದು ಕಂಡರೂ ಮುಂದಿನ ಸಿಟ್ಟಿಂಗ್ ತನಕ ಕಾಯಬೇಡಿ.

ಪೈಪ್ ಯಾವಾಗ ತೆಗೀತಾರೆ ಅಂತ ತಂದೆ ಕೇಳುತ್ತಾರೆ. ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ, ಬೆಳಿಗ್ಗೆ ಅದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಹುಣ್ಣು ಮಾಯುತ್ತಾ ಬಂದಂತೆ ಬಾಯಿಂದ ಕೊಡುವುದನ್ನು ಹೆಚ್ಚಿಸಿ, ಪೈಪಿನದನ್ನು ಒಂದೊಂದೇ ಲೋಟ ಇಳಿಸಿ. ಬೇಕಾದಷ್ಟನ್ನೂ ಬಾಯಿಂದಲೇ ತೆಗೆದುಕೊಂಡು ಒಂದೆರಡು ವಾರ ತೂಕ ಇಳಿಯದೆ ನಿಂತರೆ, ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ, ತೆಗೆದುಬಿಡುತ್ತಾರೆ.